ಮೂಕಿಯ ಮೇಲಿನ ಭಾರ

ಭೀಮಬಾಯಿ ಹುಟ್ಟಿದ್ದು ಮಳಖೇಡದಲ್ಲಿ, ಕಾಗಿಣಾ ದಂಡೆಯ ಅಂಬಿಗರ ಮನೆಯಲ್ಲಿ. ಮದುವೆಯಾಗಿ ಭಂಕೂರಿಗೆ ಬಂದಾಗ ಗಂಡ ದೇವೀಂದ್ರಪ್ಪ ಕಲ್ಲಿನ ಗಣಿಯಲ್ಲಿ ಹೇರುವವರಿಗೆಲ್ಲ ಮುಂದಾಳು. ಸಿಟ್ಟಿನ ಮನುಷ್ಯ. ಊಟ ತಡವಾದರೆ ತಾಟು ಗೋಡೆಗೆ ಬೀಳುತ್ತಿತ್ತು, ಎದುರು ಮಾತಾಡಿದರೆ ಏಟು ಹೆಂಡತಿಯ ಬೆನ್ನಿಗೆ. ಅವಳೂ ಸುಮ್ಮನಿದ್ದವಳಲ್ಲ. ಒಮ್ಮೆ ಒನಕೆಯೆತ್ತಿ ಅವನ ಮೊಣಕಾಲಿಗೆ ಬಾರಿಸಿದ್ದಳು. ಮರುದಿನ ಇಬ್ಬರೂ ಕೂಡಿಯೇ ಗಣಿಗೆ ಹೋದರು, ಅವನು ಕುಂಟುತ್ತ.

ಪೊಲೀಸ್ ಕಾರ್ಯಾಚರಣೆ ಮುಗಿದು ಕೆಲವು ವರ್ಷಗಳಾಗಿದ್ದವು. ಅಲ್ಲಿಯವರೆಗೆ ಎತ್ತಿನ ಗಾಡಿಗಳಲ್ಲಿ ಶಹಾಬಾದ ಸ್ಟೇಷನ್ನಿಗೆ ಹೋಗುತ್ತಿದ್ದ ಹಾಸುಗಲ್ಲನ್ನು ಸಾಗಿಸಲು ಗಣಿಯ ಮಾಲೀಕ ಕಲ್ಯಾಣಪ್ಪ ಒಂದು ಹಳೆಯ ಟ್ರ್ಯಾಕ್ಟರು, ಎರಡು ಗಾಲಿಯ ಟ್ರೇಲರು ತಂದ. ಅದನ್ನು ಓಡಿಸಲು ಚಿತ್ತಾಪುರದಿಂದ ಅಬ್ದುಲ್ ಗನಿ ಬಂದ. ನಲವತ್ತೆಂಟರ ಗದ್ದಲದಲ್ಲಿ ಅಣ್ಣನನ್ನು ಕಳಕೊಂಡವನು. ಮಾತು ಕಡಿಮೆ. ಆದರೆ ಮೊದಲ ದಿನ ಹೇರುವವರನ್ನು ಕೂಡಿಸಿಕೊಂಡು ಮಾತಾಡಿದ.

“ಇದು ಎತ್ತಿನ ಗಾಡಿ ಇದ್ದಂಗನ ಅದ. ಕಲ್ಲೆಲ್ಲಾ ಹಿಂದ ಹಾಕಿದ್ರ ಮುಂದ ಚಾಚಿದ ಈ ಮೂಕಿ ಮ್ಯಾಲ ಏಳ್ತದ. ಗಾಡಿದಾಗ ಎತ್ತಿನ ಕೊಳ್ಳಿಗಿ ಉರುಲು ಬೀಳ್ತದ, ಇಲ್ಲಿ ಮೂಕೀನ ಟ್ರ್ಯಾಕ್ಟರಿಗಿ ಸಿಗಿಸಿದ ಈ ಕೀಲು ಮುರೀತದ. ಒಟ್ಟು ಭಾರದಾಗ ಸ್ವಲ್ಪ ಪಾಲು ಮೂಕಿ ಮ್ಯಾಲ ಕುಂದ್ರಬೇಕು. ಹಂಗಂತ ಭಾಳ ಹಾಕಬ್ಯಾಡ್ರಿ. ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಡ್ತಾವ, ನಾ ತಿರುಗಿಸಿದ್ರೂ ತಿರುಗಂಗಿಲ್ಲ.”

“ನಾ ಕಲ್ಲು ಹೇರಕೋತನ ದೊಡ್ಡಾಂವ ಆಗೀನಿ. ನೀ ನನಗ ಕಲಸ್ತಿ ಏನು?” ಎಂದ ದೇವೀಂದ್ರಪ್ಪ. ಆದರೂ ಆ ಬೇಸಿಗೆಯೆಲ್ಲ ಗನಿ ಹೇಳಿದಂತೆಯೇ ಹೇರಿಸಿದ.

ಒಂದು ದಿನ ಸ್ಟೇಷನ್ನಿನಲ್ಲಿ ವ್ಯಾಗನ್ನು ಕಾಯುತ್ತಿತ್ತು. ಕಲ್ಯಾಣಪ್ಪ ಗಣಿಯ ಅಂಚಿನಲ್ಲಿ ನಿಂತು ಕೂಗಾಡುತ್ತಿದ್ದ. ದಪ್ಪ ಕಲ್ಲುಗಳನ್ನು ಟ್ರೇಲರಿನ ಮುಂದಿನವರೆಗೆ ನೂಕಲು ಹೊತ್ತು ಹಿಡಿಯುತ್ತದೆಂದು ದೇವೀಂದ್ರಪ್ಪ ಅವನ್ನೆಲ್ಲ ಹಿಂದೆಯೇ ಪೇರಿಸಿದ. ಗನಿ ಕೆಳಗಿಳಿದು ಬಂದ.

“ದೇವೀಂದ್ರಣ್ಣ, ಹಿಂಗ ಬ್ಯಾಡ. ದಾರ್ಯಾಗಿನ ಹಳ್ಳದ ದಿನ್ನಿ ಏರಂಗಿಲ್ಲ.”

ದೇವೀಂದ್ರಪ್ಪ ಎಲ್ಲರೆದುರು ಅವನ ಕಪಾಳಕ್ಕೆ ಹೊಡೆದ. “ಗಾಡಿ ಹೊಡಿ, ಇಲ್ಲಾಂದ್ರ ಮನಿಗಿ ನಡಿ” ಎಂದು ಕಲ್ಯಾಣಪ್ಪನೂ ಗದರಿಸಿದ. ಭೀಮಬಾಯಿ ಇನ್ನೊಬ್ಬಳೊಂದಿಗೆ ಹಿಡಿದುಕೊಂಡು ನಿಂತಿದ್ದ ಕಡೆಯ ಕಲ್ಲನ್ನು ಟ್ರೇಲರಿನ ಹಿಂಬದಿಗಿಟ್ಟು ಮುಖ ತಿರುಗಿಸಿಕೊಂಡಳು.

ಸ್ಟೇಷನ್ನಿನಲ್ಲಿ ಕಲ್ಲಿಳಿಸಲು ಭೀಮಬಾಯಿಯೂ ಸೇರಿ ಹೇರುವವರೆಲ್ಲ ಹಿಂದೆಯೇ ನಡೆದರು. ಹಳ್ಳಕ್ಕೆ ಇಳಿಯುವಾಗಲೇ ಟ್ರೇಲರು ಅತ್ತಿತ್ತ ಬಾಲ ಬೀಸುತ್ತಿತ್ತು. ಆಚೆಯ ದಿನ್ನೆ ಏರುವಾಗ ಭಾರವೆಲ್ಲ ಹಿಂದಕ್ಕೆ ಜಗ್ಗಿತು. ಮೂಕಿ ಮೇಲೆದ್ದು, ಕೀಲು ಮುರಿದು ಸಿಡಿಯಿತು. ಟ್ರೇಲರಿನ ಹಿಂಬದಿ ನೆಲಕ್ಕೆ ಬಡಿಯಿತು. ಎಲ್ಲರಿಗಿಂತ ಮುಂದೆ, ಟ್ರೇಲರಿನ ಬೆನ್ನಿಗೇ ಬರುತ್ತಿದ್ದ ದೇವೀಂದ್ರಪ್ಪನ ಮೇಲೆ ಕಲ್ಲುಗಳು ಒಂದರ ಹಿಂದೊಂದು ಜಾರಿ ಬಿದ್ದವು. ಅವನ್ನು ಎತ್ತಿ ತೆಗೆಯುವಷ್ಟರಲ್ಲಿ ಎದೆ ಚಪ್ಪಟೆಯಾಗಿತ್ತು. ಬಾಯಿಂದ ರಕ್ತ ಬಂದು ಜೀವ ಹೋಯಿತು.

ಜತೆಗೇ ಕಲ್ಲು ಹೇರುತ್ತಿದ್ದ ಅವನ ತಮ್ಮ ತಮ್ಮಣ್ಣ ಗನಿಯ ಕಾಲು ಹಿಡಿದು ಟ್ರ್ಯಾಕ್ಟರಿನಿಂದ ಕೆಳಗೆಳೆದ. “ರಜಾಕಾರ ಸೂಳೆಮಗನ, ಬೇಕಂತನ ಮಾಡೀದಿ!” ಗಣಿಯ ಗಂಡಸರೆಲ್ಲ ಸೇರಿ ಒದ್ದರು. ಹಾರೆಯ ಏಟಿಗೆ ಗನಿಯ ಬಲಗೈ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ತಮ್ಮಣ್ಣ ಗನಿಯ ತಲೆಗೆ ಹಾಕಲೆಂದು ಒಂದು ಕಲ್ಲನ್ನು ಎತ್ತಿದ.

ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಭೀಮಬಾಯಿ ಅದನ್ನು ಮೆಲ್ಲಗೆ ಕೆಳಗಿಟ್ಟಳು. ಬಿದ್ದಿದ್ದ ಹಾರೆ ಎತ್ತಿ ಮೈದುನನ ಭುಜಕ್ಕೆ ಬೀಸಿದಳು. ಕಲ್ಲು ಅವನ ಕೈಯಿಂದ ಬಿತ್ತು.

“ಬಿಡ್ರೋ! ಕಲ್ಲು ಹಿಂದ ಹಾಕಿಸಿದಾಂವ ನನ್ನ ಗಂಡ. ಬ್ಯಾಡ ಅಂದಿದ್ದಕ್ಕ ಇವನ ಕಪಾಳಕ್ಕ ಹೊಡದಾನ. ನೀವೆಲ್ಲಾ ನೋಡೀರಿ. ಕಡೀ ಕಲ್ಲು ನಾನೇ ಇಟ್ಟೀನಿ. ನನಗ ಹೊಡೀರಿ!”

ತಮ್ಮಣ್ಣ ಹೊಡೆದ. ಕೂದಲು ಹಿಡಿದು ಎಳೆದು ಹೊಟ್ಟೆಗೆ ಒದ್ದ. ಅವಳು ಮತ್ತೆ ಎದ್ದು ಹಾರೆ ಹಿಡಿದು ಗನಿಯ ಮುಂದೆ ನಿಂತಳು. ಉಳಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು.

ಪೊಲೀಸರೆದುರು ಕಲ್ಯಾಣಪ್ಪ, ಡ್ರೈವರ್ ಜೋರಾಗಿ ಓಡಿಸಿದ ಎಂದ. ಭೀಮಬಾಯಿ ಹಳ್ಳದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದಳು. ಗನಿಯನ್ನು ಬಿಟ್ಟರು. ಗಂಡನನ್ನು ಮಣ್ಣು ಮಾಡಿ ಬಂದಾಗ ತಮ್ಮಣ್ಣ ಅವಳ ಪಾತ್ರೆಗಳನ್ನು ಅಂಗಳಕ್ಕೆ ಎಸೆದಿದ್ದ. ಅವನ್ನು ಆಯ್ದುಕೊಂಡು ವಾಡಿಯಲ್ಲಿದ್ದ ತಂಗಿ ಚಂದಮ್ಮನ ಮನೆಗೆ ನಡೆದಳು. ಅಲ್ಲಿಯೂ ಕಲ್ಲು ಹೊತ್ತೇ ಹೊಟ್ಟೆ ಹೊರೆದಳು. ಒದೆತದ ನೋವು ಹೊಟ್ಟೆಯಲ್ಲಿ ಉಳಿದೇ ಹೋಯಿತು.

ಗನಿಯ ಕೈ ಸೊಟ್ಟಗೆ ಕೂಡಿಕೊಂಡಿತು. ಮತ್ತೆ ಗಾಡಿ ಓಡಿಸಲಾಗಲಿಲ್ಲ. ಒಂದು ಸಂಜೆ ಅವನ ಹೆಂಡತಿ ಬುತ್ತಿ ಕಟ್ಟಿಕೊಂಡು ವಾಡಿಗೆ ಬಂದಳು.

“ನಿಮ್ಮ ಮುಂದ ಯಾವ ಮುಖ ಇಟಗೊಂಡು ನಿಲ್ಲಲಿ ಅಕ್ಕಾ? ನನ್ನಾಂವ ಉಳದಾನ, ನಿಮ್ಮವರು ಉಳೀಲಿಲ್ಲ.”

“ಹೊಡೀತಿದ್ದ,” ಎಂದಳು ಭೀಮಬಾಯಿ. “ಹೊಡದ್ರೂ ದಿನಾ ಸಂಜೀಕ ಮನಿಗಿ ಬರ್ತಿದ್ದ.”

ಹಳ್ಳದಲ್ಲಿ ಅಳದವಳು, ಮಣ್ಣು ಮಾಡುವಾಗಲೂ ಅಳದವಳು, ಆಗ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಗನಿಯ ಹೆಂಡತಿ ಅಲ್ಲೇ ಕೂತು ಅವಳ ಬೆನ್ನು ಸವರಿದಳು.