ಮರೆಗುಳಿಗಳ ಸಿನೆಮಾ

ಅಲ್ಲ, ಮಳೆಗಾಲ ಆಗಿರಲಿಕ್ಕಿಲ್ಲ. ಮಳೆ ಹಿಡಿದರೆ ಆ ಕಾಲದಲ್ಲಿ ಕಾಸರಗೋಡಿನ ಪುತ್ತಿಗೆಯ ನಮ್ಮ ಮನೆಗೆ ಕರೆಂಟು ಬರುವುದೇ ಅಪರೂಪ. ಒಂದೇ ಸಿನೆಮಾವನ್ನು ಅಷ್ಟು ಸಲ ನೋಡಲು ಆಗುತ್ತಿರಲಿಲ್ಲ. ಹಾಗಾದರೆ ಬೇಸಿಗೆ ರಜೆ ಎಂದಿಟ್ಟುಕೊಳ್ಳೋಣ. ಆದರೆ ಸಿನೆಮಾದ ಜೊತೆಗೇ ಒಂದೆಲಗದ ಚಟ್ನಿಯ ವಾಸನೆಯೂ ನೆನಪಾಗುತ್ತದೆ, ಮತ್ತು ಒಂದೆಲಗ ನಮ್ಮ ಅಂಗಳದ ಬದಿಯಲ್ಲಿ ಹಬ್ಬುತ್ತಿದ್ದದ್ದು ಮಳೆ ಬಿದ್ದ ಮೇಲೆಯೇ. ಎರಡರಲ್ಲೊಂದು ಸುಳ್ಳು. ಯಾವುದೆಂದು ತಿಳಿಯದೆ ಎರಡನ್ನೂ ಇಟ್ಟುಕೊಂಡಿದ್ದೇನೆ.

ಮನೆಗಳಿಗೆ ಸೀಡಿ ಪ್ಲೇಯರ್ ಬಂದ ಹೊಸತು. ಸೀಡಿ ನಿಂತರೆ ತೆಗೆದು, ಬಾಯಿಂದ ಊದಿ, ಬಟ್ಟೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕುವ ಕೆಲಸ ನಿಮ್ಮಲ್ಲೂ ಅನೇಕರು ಮಾಡಿದ್ದೀರಿ. ನಮ್ಮಲ್ಲಿದ್ದ ಒಂದೇ ಸಿನೆಮಾ ಸೀಡಿ ಮಲಯಾಳದ್ದು. ಅಪ್ಪನ ತಂಗಿ ಸುಮತ್ತೆಗೆ ಹಾಸ್ಟೆಲಿನ ಗೆಳತಿ ಕೊಟ್ಟದ್ದು. ಅತ್ತೆ ಬರೀ ಮಲಯಾಳ ಆಡುವ ತೆಂಕಿನ ಜಿಲ್ಲೆಯೊಂದರಲ್ಲಿ ನರ್ಸಿಂಗ್ ಕಲಿತು ಊರಿಗೆ ಬಂದು, ಕುವೈತಿಗೆ ಹೋಗಲು ಕಾಯುತ್ತಿದ್ದಳು. ವೀಸಾ ಮಾಡಿಸುತ್ತೇನೆಂದು ಒಬ್ಬ ಮನುಷ್ಯ ಅವಳ ಪಾಸ್‌ಪೋರ್ಟನ್ನೂ ಅಸಲು ಸರ್ಟಿಫಿಕೇಟುಗಳನ್ನೂ ತೆಗೆದುಕೊಂಡು ಹೋಗಿದ್ದ. ನಮ್ಮ ಚಾವಡಿಯಲ್ಲಿ ಕೂತು ಅಜ್ಜಿಯ ನೀರುದೋಸೆ ತಿಂದು, ವಿಷು ಕಳೆದ ಕೂಡಲೇ ಬರುತ್ತೇನೆ ಎಂದಿದ್ದ. ವಿಷು ಕಳೆದಿತ್ತು. ಆ ಕಾಗದಗಳಿಲ್ಲದೆ ಅವಳಿಗೆ ಕುವೈತಿನಲ್ಲಿ ಬಿಡಿ, ಇಲ್ಲಿಯ ಆಸ್ಪತ್ರೆಯಲ್ಲೂ ಕೆಲಸ ಸಿಗುವಂತಿರಲಿಲ್ಲ.

ಸಿನೆಮಾ ಇಬ್ಬರು ಗೆಳೆಯರದ್ದು. ಮದುವೆಮನೆಗೆ ಅಡುಗೆಯವರಾಗಿ ಬಂದು, ಪಾಯಸದ ಉರುಳಿಯನ್ನೇ ಹೊತ್ತು ಹೊರಟುಬಿಡುತ್ತಾರೆ. ಯಜಮಾನನೇ ಓಡಿ ಬಂದು ಗೇಟು ತೆಗೆದುಕೊಡುತ್ತಾನೆ. ಇನ್ನೊಂದು ಕಡೆ ಕಡವಿನ ದೋಣಿಯನ್ನು ಇಬ್ಬರಿಗೆ ಮಾರುತ್ತಾರೆ. ಕೊಂಡವರಿಬ್ಬರೂ ಒಂದೊಂದು ತುದಿಯಲ್ಲಿ ಕೂತು ಎದುರುಬದುರಾಗಿ ಹುಟ್ಟು ಹಾಕುತ್ತಾರೆ, ದೋಣಿ ನಡುನೀರಿನಲ್ಲಿ ನಿಂತಲ್ಲೇ ತಿರುಗುತ್ತದೆ. ಅಜ್ಜಿಗೆ ನಕ್ಕು ನಕ್ಕು ಎಲೆಯಡಿಕೆ ನೆತ್ತಿಗೇರುತ್ತಿತ್ತು.

ಅಜ್ಜಿಗೂ ನನಗೂ ತೆಂಕಿನವರ ಆ ಓಟದ ಮಲಯಾಳ ಅರ್ಥವಾಗುತ್ತಿರಲಿಲ್ಲ. ಸುಮತ್ತೆ ಅಕ್ಕಿ ಆರಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದಳು. ಎಲ್ಲರೂ ಮತ್ತೆ ಮತ್ತೆ ಆಡುವ ಮಾತೊಂದಿತ್ತು: ‘ಪಟ್ಟಿಚ್ಚು’. ಅದೇನೆಂದು ಕೇಳಿದೆ.

“ಮರ್ತ ಅಂತ,” ಎಂದಳು.

ಹಾಗೆ ಅದು ಇಬ್ಬರು ಮರೆಗುಳಿಗಳ ಕತೆಯಾಯಿತು. ಒಬ್ಬನಿಗೆ ಮಾರಿದ್ದು ಮರೆತು ದೋಣಿಯನ್ನು ಇನ್ನೊಬ್ಬನಿಗೂ ಮಾರಿದರು. ಬಡಿಸುವುದು ಮರೆತು ಉರುಳಿ ಹೊತ್ತುಕೊಂಡು ಹೋದರು.

“ಎಂತ ಮರೆವು ಮಾರಾಯ್ತಿ ಇವಕ್ಕೆ. ನಾಕು ದಿನ ಒಂದೆಲಗದ ಚಟ್ನಿ ತಿನ್ನಿಸ್ಬೇಕು,” ಎಂದಳು ಅಜ್ಜಿ. ಮರುದಿನದಿಂದ ನನಗೇ ತಿನ್ನಿಸತೊಡಗಿದಳು. ಹಸಿಮೆಣಸು, ಕಾಯಿತುರಿ, ಬಾಯಲ್ಲಿ ಉಳಿಯುವ ಸಣ್ಣ ಕಹಿ.

ಅದೇ ದಿನಗಳಲ್ಲಿ ಅಪ್ಪ ಒಮ್ಮೆ ಊಟದ ನಡುವೆ, ಆ ಮನುಷ್ಯ ನಮಗೆ ಸರಿಯಾಗಿ ಟೋಪಿ ಹಾಕಿದ ಎಂದರು. ಸುಮತ್ತೆ ಬಡಿಸುವ ಸೌಟು ನಿಲ್ಲಿಸಲಿಲ್ಲ.

“ಮರ್ತು ಹೋಗಿರ್ಬೇಕು ಅಣ್ಣಾ. ಬರ್ತಾನೆ.”

ಇದನ್ನು ನಾನು ಕೇಳಿದ್ದೇನೆಯೇ, ಆಮೇಲೆ ಜೋಡಿಸಿದ್ದೇನೆಯೇ? ಸೌಟಿನ ವಿವರ ಎಷ್ಟು ಸರಿಯಾಗಿ ಕೂತಿದೆಯೆಂದರೆ ಅನುಮಾನ ಬರುತ್ತದೆ.

ಸೀಡಿಯ ಕೊನೆಯಲ್ಲಿ ಗೀರಿತ್ತು. ಇಬ್ಬರೂ ಬಸ್ಸು ಹತ್ತುವಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು. ಉಳಿದದ್ದನ್ನು ಸುಮತ್ತೆಯೇ ಹೇಳುತ್ತಿದ್ದಳು.

“ಅರ್ಧ ದಾರಿಗೆ ಹೋದಾಗ ಅವರಿಗೆ ನೆನಪಾಗ್ತದೆ. ಇಳಿದು ವಾಪಸು ಬರ್ತಾರೆ. ಎಲ್ಲರ ಮನೆಗೂ ಹೋಗಿ ಎಲ್ಲ ಕೊಟ್ಟು ಬರ್ತಾರೆ.”

“ಪಾಯಸವನ್ನು ಸಹ?” ಅಜ್ಜಿ ಕೇಳಿದಳು.

“ಪಾಯಸ ಕುಡಿದಾಯ್ತಲ್ಲಮ್ಮ. ಉರುಳಿ ಕೊಡ್ತಾರೆ.”

ಈಗ ನನಗೆ ಮಲಯಾಳ ಬರುತ್ತದೆ, ಆಫೀಸಿನಲ್ಲಿ ದಿನವಿಡೀ ಅದೇ. ಇತ್ತೀಚೆಗೆ ಕಾಸರಗೋಡಿನ ಬಸ್ಸಿನಲ್ಲಿ ಪಕ್ಕದವರ ಫೋನಿನಲ್ಲಿ ಆ ದೋಣಿ ತಿರುಗುತ್ತಿತ್ತು. ಹೆಸರು ಕೇಳಿಕೊಂಡು ಮನೆಗೆ ಹೋಗಿ ಪೂರ್ತಿ ನೋಡಿದೆ. ಪಟ್ಟಿಚ್ಚು ಎಂದರೆ ಮೋಸ ಮಾಡಿದ ಎಂದು. ಬಸ್ಸಿನಿಂದ ಯಾರೂ ಇಳಿಯುವುದಿಲ್ಲ. ಇಬ್ಬರೂ ಪಕ್ಕದ ಸೀಟಿನ ಮುದುಕಿಯ ಚೀಲದಲ್ಲಿ ಏನಿದೆಯೆಂದು ನಯವಾಗಿ ವಿಚಾರಿಸುವಲ್ಲಿಗೆ ಸಿನೆಮಾ ಮುಗಿಯುತ್ತದೆ. ಇಂಥ ಸಿನೆಮಾದ ಸುಖವೇ ಅದು. ಉಪಾಯ ನಮಗೆ ಮೊದಲೇ ಗೊತ್ತಿರುತ್ತದೆ, ನಾವು ಠಕ್ಕರ ಪಕ್ಕದಲ್ಲೇ ಕೂತಿರುತ್ತೇವೆ. ಕಳೆದುಕೊಂಡವನ ಮುಖ ದೊಡ್ಡದಾಗಿ ಕಂಡಾಗಲೇ ಹೆಚ್ಚು ನಗು. ಆಗ ಸುಮತ್ತೆಯೂ ನಕ್ಕಿದ್ದಳು. ಅದು ಮಾತ್ರ ಖಂಡಿತ.

ಅವಳಿಗೆ ಕೊನೆಗೂ ನರ್ಸ್ ಕೆಲಸ ಸಿಗಲಿಲ್ಲ. ಬೋವಿಕಾನದಲ್ಲಿ ಗಂಡನ ಜೊತೆ ಹೊಲಿಗೆ ಅಂಗಡಿ ನಡೆಸುತ್ತಾಳೆ. ನೆರೆಕರೆಯವರು ಬಿ.ಪಿ. ನೋಡಿಸಿಕೊಳ್ಳಲು ಅಲ್ಲಿಗೇ ಬರುತ್ತಾರೆ. ಹೋದ ತಿಂಗಳು ಅವಳಿಗೆ ದೋಣಿಯ ದೃಶ್ಯ ತೋರಿಸಿದೆ. ಕನ್ನಡಕ ಮೇಲೆತ್ತಿ ನೋಡಿದಳು, ನಕ್ಕಳು.

“ಚಂದ ಉಂಟು. ಇದು ನಾನು ನೋಡಿದ್ದಾ? ಮರ್ತು ಹೋಗಿದೆ ಮಾರಾಯ್ತಿ.”

ಇಲ್ಲಿಗೆ ನಿಲ್ಲಿಸಿದರೆ ಚಂದ. ಅದಕ್ಕೇ ನಿಲ್ಲಿಸಲಾರೆ. ಏಕೆಂದರೆ ಸಿನೆಮಾದಲ್ಲಿ ಜನ ‘ಕಳ್ಳನ್, ಕಳ್ಳನ್’ ಎಂದು ಕೂಗುತ್ತಾ ಅವರ ಹಿಂದೆ ಓಡುತ್ತಾರೆ, ಒಂದು ಸಲವಲ್ಲ, ಉದ್ದಕ್ಕೂ. ಕಳ್ಳ ಎಂಬುದು ಎರಡೂ ಭಾಷೆಗೆ ಒಂದೇ. ಅಜ್ಜಿಯ ಕಿವಿ ಚುರುಕಾಗಿತ್ತು. ನನಗೆ ಎಂಟು ವರ್ಷವಾಗಿತ್ತು, ಕಳ್ಳ ಎಂದರೆ ಯಾರೆಂದು ಗೊತ್ತಿತ್ತು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಅರ್ಥವಾಗದೆಯೇ ನಗುವ ಆ ಚಾವಡಿಯೂ ಇಲ್ಲ. ಈಗ ಪ್ರತಿಯೊಂದು ಮಾತೂ ಅರ್ಥವಾಗುತ್ತದೆ. ನೋಡುತ್ತಿದ್ದರೆ ನಗು ಬರುವುದಿಲ್ಲ, ಬೇಸರವೂ ಆಗುವುದಿಲ್ಲ. ಮರೆತರು ಎಂಬುದನ್ನು ಅಂದು ನಮ್ಮಲ್ಲಿ ಯಾರು ನಂಬಿದ್ದರು, ಯಾರಿಗಾಗಿ ಯಾರು ನಂಬಿದಂತೆ ಕೂತಿದ್ದರು, ನನಗೆ ಗೊತ್ತಿಲ್ಲ.