ಹಿತ್ತಲ ಭಟ್ಟಿ

ಅವರ ಬಲಗೈಯಲ್ಲಿ ಮೊಣಕೈತನಕ ಒಂದು ಕೂದಲೂ ಇರಲಿಲ್ಲ. ನಲವತ್ತು ವರ್ಷ ಉರಿಯ ಬಾಯಿಗೆ ತೂರಿಸಿ ತೆಗೆದ ಕೈ. ಸುಟ್ಟ ಕಲೆಗಳ ನಡುವೆ ಚರ್ಮ ಬದನೆಕಾಯಿಯಂತೆ ಮಿರುಗುತ್ತಿತ್ತು. ಕೊಪ್ಪಳದ ನಮ್ಮ ಓಣಿಗೆಲ್ಲ ಅವರು ಭಟ್ಟಿ ಅಜ್ಜ.

ಹದಿನಾರಕ್ಕೆ ಸೊಸೆಯಾಗಿ ಬಂದ ನನಗೆ ಹೊರಗೆ ಕಾಲಿಡಲು ಸಿಗುತ್ತಿದ್ದ ನೆಪ ಆ ಭಟ್ಟಿಯೊಂದೇ. ಹಿಟ್ಟು, ತುಪ್ಪ, ಸಕ್ಕರೆ ಮನೆಯಿಂದ ಒಯ್ದು, ಅಲ್ಲಿಯ ಕಟ್ಟೆಯ ಮೇಲೆ ನಾವೇ ನಾದಿ ಬಿಸ್ಕೀಟು ತಟ್ಟಿ ಕೊಟ್ಟರೆ ಅಜ್ಜ ಸುಟ್ಟು ಕೊಡುತ್ತಿದ್ದರು. "ಹಿಟ್ಟು ನಿಮ್ದು, ತುಪ್ಪ ನಿಮ್ದು, ಬೆಂಕಿ ಅಷ್ಟ ನಂದು" ಎನ್ನುತ್ತಿದ್ದರು. ಅವರು ಮುಸಲ್ಮಾನರು. ಆ ಬೆಂಕಿಗೆ ಎಂದೂ ಮಾಂಸ ತೋರಿಸುವುದಿಲ್ಲ ಎಂದು ಕೊಟ್ಟ ಮಾತಿನ ಮೇಲೆಯೇ ನಮ್ಮಂಥ ಲಿಂಗಾಯತರ ಹಿಟ್ಟು ಅಲ್ಲಿಗೆ ಹೋಗುತ್ತಿತ್ತು. ಬಿಸ್ಕೀಟು ಬೇಯುವಷ್ಟು ಹೊತ್ತು ನಾನು ಊರ ಸುದ್ದಿಯನ್ನೆಲ್ಲ ಒದರುತ್ತಿದ್ದೆ. "ಯವ್ವಾ, ನಿನ್ನ ಬಾಯಿ ನನ್ನ ಭಟ್ಟಿಗಿಂತ ದೊಡ್ಡದೈತಿ" ಎಂದು ನಗುತ್ತಿದ್ದರು.

ದೊಡ್ಡ ಯುದ್ಧ ಮುಗಿದ ವರ್ಷ ಅವರ ಒಬ್ಬನೇ ಮಗ ಫೌಜಿನಿಂದ ಮರಳಿದ, ಬರೀ ಎಲುಬಿನ ಹಂದರವಾಗಿ. ರೊಟ್ಟಿ ತಿಂದರೂ ವಾಂತಿ, ಗಂಜಿ ಕುಡಿದರೂ ವಾಂತಿ. ಅಲ್ಲಿ ತಿಂದು ರೂಢಿಯಾಗಿದ್ದ ಒಣ ಬಿಸ್ಕೀಟು, ಡಬ್ಬಿಯ ಕುರಿಮಾಂಸ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿದ್ದವು. ಹಲ್ಲು ಉದುರಿದ್ದರಿಂದ ಅಗಿಯಲೂ ಆಗದು. ಅಜ್ಜ ಅವನು ತಂದಿದ್ದ ಡಬ್ಬಿಗಳನ್ನು ಕೊರೆದು, ಮಾಂಸ ಅರೆದು, ಹಿಟ್ಟಿಗೆ ಕಲಸಿ, ಮೆಣಸು ಹಾಕಿ ಮೆತ್ತನೆಯ ಬಿಸ್ಕೀಟು ಸುಟ್ಟರು. ದಿನಕ್ಕೆ ನಾಲ್ಕು ತಿಂದು ಮಗ ಎದ್ದು ಕೂತ.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅಂದು ಭಟ್ಟಿಯ ಕಟ್ಟೆಯ ಮೇಲೆ ನನ್ನ ಮೂಗಿಗೆ ಬಡಿದದ್ದು ಮಾಂಸ ಬೇಯುವ ವಾಸನೆ ಮಾತ್ರ. ಎಲುಬಿಲ್ಲದ ನಾಲಿಗೆ ನನ್ನದು; ಮನೆಗೆ ಓಡಿ ಅತ್ತೆಗೆ ಹೇಳಿದೆ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಮರುದಿನದಿಂದ ಭಟ್ಟಿಗೆ ಒಂದು ಹಿಡಿ ಹಿಟ್ಟೂ ಬರಲಿಲ್ಲ.

ಅಜ್ಜ ಮನೆ ಮನೆಯ ಹೊಸ್ತಿಲಾಚೆ ನಿಂತು ಹೇಳಿದರು. ನಮ್ಮಲ್ಲಿಗೂ ಬಂದರು.

"ನಿಮ್ಮ ಭಟ್ಟ್ಯಾಗ ಮಾಂಸ ಇಟ್ಟಿಲ್ಲರಿ ಅಕ್ಕಾರ. ಹಿತ್ತಲದಾಗ ಬ್ಯಾರೆ ಕಟ್ಟೀನಿ. ಬಂದು ನೋಡ್ರಿ."

ಮಾಂಸ ಬೇಯುವ ಹಿತ್ತಲಿಗೆ ನಾವು ಕಾಲಿಡುವುದುಂಟೇ ಎಂದು ಅತ್ತೆ ಬಾಗಿಲು ಹಾಕಿದರು. ಎಲ್ಲ ಮನೆಗಳಲ್ಲೂ ಇದೇ ಉತ್ತರ. ಹೋಗಿ ನೋಡಿದರೆ ನಮಗೆ ಮೈಲಿಗೆ, ನೋಡದಿದ್ದರೆ ಅವರು ಸುಳ್ಳುಗಾರ. ಬಾಗಿಲು ಮುಚ್ಚುವ ಮುನ್ನ ಅತ್ತೆಯ ಬೆನ್ನ ಹಿಂದಿದ್ದ ನನ್ನನ್ನು ಅಜ್ಜ ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ದೊಡ್ಡ ಭಟ್ಟಿ ಆರಿತು. ತಂದ ಡಬ್ಬಿಗಳು ಮುಗಿದವು. ಬೇರೆ ಮಾಂಸ ಕೊಳ್ಳಲು ದುಡಿಮೆ ಇರಲಿಲ್ಲ. ಮಗ ದೀಪಾವಳಿ ಕಾಣಲಿಲ್ಲ. ಬೇಸಿಗೆಯಲ್ಲಿ ಅಜ್ಜನೂ ಹೋದರು.

ಅಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ನಾನು ಭಟ್ಟಿಗೆ ಹೋದೆ. ಅಜ್ಜನನ್ನು ಆಗಲೇ ಮಣ್ಣಿಗೆ ಒಯ್ದಿದ್ದರು. ಕಟ್ಟೆ ದಾಟಿ ಮೊದಲ ಸಲ ಹಿತ್ತಲಿಗೆ ನಡೆದೆ. ಇಪ್ಪತ್ತು ಹೆಜ್ಜೆ ಅಷ್ಟೇ. ಬೇಲಿಯ ಮೂಲೆಯಲ್ಲಿ ಮೊಣಕಾಲೆತ್ತರದ ಮಣ್ಣಿನ ಭಟ್ಟಿ ಇತ್ತು, ನಾಲ್ಕೇ ಬಿಸ್ಕೀಟು ಹಿಡಿಯುವಷ್ಟು. ಪಕ್ಕದಲ್ಲಿ ತುಕ್ಕು ಹಿಡಿದ ಖಾಲಿ ಡಬ್ಬಿಗಳು. ಅಲ್ಲೇ ಕೂತು ಅತ್ತುಬಿಟ್ಟೆ.

ಸಂಜೆ ಅತ್ತೆಗೆ ಹೇಳಿದೆ, ಅಜ್ಜ ಹೇಳಿದ್ದು ಖರೆ ಇತ್ತು ಎಂದು.

"ಇದ್ದರ ಇರ್ಲಿ. ಯಾರ ಮುಂದನೂ ಬಾಯಿ ಬಿಡಬ್ಯಾಡ" ಎಂದರು.

ಅದೊಂದು ಸಲ ನಾನು ಬಾಯಿ ಮುಚ್ಚಿಕೊಂಡೆ.