ಓಮದ ಡಬ್ಬಿಯ ಮಾತ್ರೆ

ಮೊನ್ನೆ ಓಮ ಹುರಿಯುತ್ತಿದ್ದೆ. ಘಾಟು ಮೂಗಿಗೆ ಬಡಿದದ್ದೇ ತಡ, ನಾಲಗೆಯ ಮೇಲೆ ಮಾತ್ರೆಯ ಕಹಿ ಬಂದು ಕೂತಿತು. ಬಾಣಲೆ ಇಳಿಸಿದೆ. ಅತ್ತೆ ನೆನಪಾದರು...

ನಾನು ಮದುವೆಯಾಗಿ ಬಂದದ್ದು ಮದ್ದೂರಿನ ಆಚೆಯ ಹಳ್ಳಿಗೆ. ಊರು ಒಳ್ಳೆಯದೇ, ಆದರೆ ಊರಿನ ರಸ್ತೆ ಇರುವುದು ನಾಲೆಯ ಏರಿಯ ಮೇಲೆ. ನನಗೋ ತುಂಬಿ ಹರಿಯುವ ನಾಲೆ ಕಂಡರೆ ಪ್ರಾಣ ಹೋದಂತೆ. ನೀವು ಅಂದುಕೊಳ್ಳುವಂಥ ಭಯ ಅಲ್ಲ. ಕೈಕಾಲು ಮರಗಟ್ಟಿ, ಉಸಿರು ಸಿಕ್ಕಿಕೊಂಡು, ಓಡುವ ಆಟೋದಿಂದ ಹಾರಿಬಿಡೋಣ ಅನ್ನಿಸುವಂಥದ್ದು. ಆ ಭಯಕ್ಕೆ ಮಳವಳ್ಳಿಯ ತವರಿಗೂ ಹೋಗದೆ ಕೂತೆ. "ನಮ್ ಸೊಸೆಗೆ ಈ ಮನೆ ಅಷ್ಟೊಂದು ಇಡಿಸ್ಬುಟ್ಟೈತೆ" ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಅದನ್ನು ಕೇಳಿ ನಾನು ನಾಚಿಕೆಯಿಂದ ಭೂಮಿಗೆ ಇಳಿದುಹೋದೆ.

ಕೊನೆಗೆ ನನ್ನವರು ಬೈಕಿನ ಮೇಲೆ, ನೀರು ಕಾಣದ ಹಾಗೆ ನನ್ನ ಮುಖಕ್ಕೆ ಸೆರಗು ಮುಚ್ಚಿಸಿ, ಮಂಡ್ಯದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ನಾಲೆಯ ಏರಿಯ ಮೇಲೆ ಹೋಗಲೇಬೇಕಾದ ದಿನಕ್ಕೆ ಇನ್ನೊಂದು. ಅದು ಮಂಪರು ತರುತ್ತದೆ, ಜೋಪಾನ ಎಂದರು. ಜೊತೆಗೆ, ದಿನಾ ಸ್ವಲ್ಪ ಸ್ವಲ್ಪವೇ ನಾಲೆಯ ಹತ್ತಿರ ಹೋಗಿ ನಿಂತು ರೂಢಿ ಮಾಡಿಕೊಳ್ಳಿ ಎಂದರು.

ಬಿಪಿ ಮಾತ್ರೆಯವರು ಜಗಲಿಯ ಮೇಲೆ ಕೂತು ನುಂಗುತ್ತಾರೆ. ನಾನು ಅಡುಗೆಮನೆ ಬಾಗಿಲು ಮುಂದೆ ಹಾಕಿಕೊಂಡು ನುಂಗುತ್ತಿದ್ದೆ. ತಲೆ ಕೆಟ್ಟವಳು ಅಂದುಬಿಟ್ಟರೆ? ಯಾರಾದರೂ ಕೇಳಿದರೆ ಗ್ಯಾಸ್ ಮಾತ್ರೆ ಅನ್ನುತ್ತಿದ್ದೆ. ಮಾತಿಗೆ ತಕ್ಕಂತೆ, ಹಾಳೆಯಿಂದ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳನ್ನು ಓಮದ ಡಬ್ಬಿಯಲ್ಲೇ ಹೂತಿಡುತ್ತಿದ್ದೆ. ನಮ್ಮ ಕಡೆ ಗ್ಯಾಸ್ ಇಲ್ಲದ ಮನೆಯಿಲ್ಲ, ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ಈಸಿಕೊಂಡು ನುಂಗದ ಬೀದಿಯಿಲ್ಲ. ನನ್ನ ಮಂಕು ಬುದ್ಧಿಗೆ ಅದು ಹೊಳೆಯಲೇ ಇಲ್ಲ.

ಪಿತೃಪಕ್ಷದ ಹಬ್ಬ. ಎದುರುಮನೆಯ ದೊಡ್ಡಪ್ಪ ನಮ್ಮಲ್ಲಿ ಬಾಡೂಟ ಉಂಡು, ಹೊಟ್ಟೆ ಉಬ್ಬರಿಸುತ್ತಿದೆ ಅಂದರು. ಅತ್ತೆ ಧಾರಾಳಿ. "ನಮ್ ಸೊಸೆತವ ಒಳ್ಳೆ ಗ್ಯಾಸ್ ಮಾತ್ರೆ ಐತೆ" ಅಂತ ಡಬ್ಬಿಗೆ ಕೈಹಾಕಿ ಎರಡು ಕೊಟ್ಟರಂತೆ. ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಂದು ನೋಡಿದರೆ ದೊಡ್ಡಪ್ಪ ಜಗಲಿಯ ಮೇಲೆ ಅಡ್ಡಡ್ಡ ಬಿದ್ದಿದ್ದಾರೆ, ಎಷ್ಟು ಅಲುಗಿಸಿದರೂ ಕಣ್ಣು ಬಿಡುತ್ತಿಲ್ಲ. ದೊಡ್ಡಮ್ಮ ಗೋಳೋ ಅನ್ನುತ್ತಿದ್ದಾರೆ, ಬೀದಿಯೆಲ್ಲ ನೆರೆದಿದೆ. ಡಬ್ಬಿ ನೋಡಿದೆ. ಕಾಣೆಯಾಗಿದ್ದದ್ದು ಮಂಪರಿನ ಮಾತ್ರೆ!

ಅತ್ತೆಯನ್ನು ಒಳಗೆ ಎಳೆದುಕೊಂಡು ಹೋಗಿ ಹೇಳಿದೆ.

"ಗ್ಯಾಸ್‌ದಲ್ವಾ? ಮತ್ತೇನಮ್ಮಿ ಅದು?"

"ಭಯಕ್ಕೆ ಅತ್ತೆ... ನಾಲೆ ಭಯಕ್ಕೆ."

ಅತ್ತೆ ನನ್ನನ್ನೇ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದರು.

"ಅಳ್ಬ್ಯಾಡ ಕಣಕ್ಕ. ಅದು ನನ್ ಮಾತ್ರೆ. ನಂಗೆ ನೀರ್ ಕಂಡ್ರೆ ಎದ್ರಿಕೆ, ಡಾಕ್ಟ್ರು ಕೊಟ್ಟವ್ರೆ. ಕೈತಪ್ಪಿ ಕೊಟ್ಬುಟ್ಟೆ."

ಬೀದಿ ಬಾಯಿಬಿಟ್ಟು ನಿಂತಿತು. ನಾಲೆಗೆ ಬಿದ್ದ ಕರುವನ್ನು ಧುಮುಕಿ ಎಳೆದು ತಂದ ಹೆಂಗಸು ಅವರು! ನನ್ನವರು ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದಂತೆ ದೊಡ್ಡಪ್ಪನನ್ನು ಆಸ್ಪತ್ರೆಗೆ ಸಾಗಿಸಿದರು. ಸಂಜೆಗೆ ದೊಡ್ಡಪ್ಪ ಎದ್ದು ಕೂತು ಕಾಫಿ ಕೇಳಿದರಂತೆ. ನನಗೆ ಹೋದ ಉಸಿರು ಬಂತು. ಆದರೆ ಅತ್ತೆ ಆಡಿದ ಮಾತು ಅಲ್ಲಿಗೆ ಮುಗಿಯಲಿಲ್ಲ.

ನಾಲೆಯ ಮೆಟ್ಟಿಲ ಬಳಿ ಅವರದೇ ಒಂದು ಒಗೆಯುವ ಕಲ್ಲಿತ್ತು. ದಿನಾ ಬಟ್ಟೆಗಂಟು ಹೊತ್ತು ಹೋಗಿ, ಮೊಣಕಾಲು ನೀರಲ್ಲಿ ನಿಂತು, ಲೋಕದ ಮಾತೆಲ್ಲ ಆಡಿ ಬರುತ್ತಿದ್ದರು. ಮಾರನೆಯ ದಿನದಿಂದ ಅತ್ತ ಕಾಲಿಡಲಿಲ್ಲ. ಹಿತ್ತಿಲ ನಲ್ಲಿಯಡಿ ಕೂತು ಒಗೆದರು. "ನೀವು ಹೋಗಿ ಅತ್ತೆ, ನಾನೇ ಎಲ್ಲರಿಗೂ ಹೇಳ್ತೀನಿ" ಅಂದೆ. "ಸುಮ್ಕಿರಮ್ಮಿ. ನಂಗ್ ವಯಸ್ಸಾಯ್ತು, ಏನಂದ್ರೂ ನಡೀತದೆ. ನೀನ್ ಬಾಳಿ ಬದುಕ್ಬೇಕಾದೋಳು" ಅಂದರು. ನಾನು ಸುಮ್ಮನಾದೆ. ಸುಮ್ಮನಾಗುವುದು ಎಷ್ಟು ಸಲೀಸಾಗಿತ್ತು ಅನ್ನುವುದೇ ಇವತ್ತಿಗೂ ನಾಚಿಕೆ.

ಒಮ್ಮೆ ಇಬ್ಬರೂ ಆಟೋದಲ್ಲಿ ಮಳವಳ್ಳಿಗೆ ಹೊರಟೆವು. ಏರಿ ಬರುತ್ತಲೇ ಅತ್ತೆ ಕಣ್ಣು ಮುಚ್ಚಿ ನನ್ನ ಕೈ ಹಿಡಿದರು, ಡ್ರೈವರಿಗೆ ಕಾಣಲಿ ಅಂತ. ಮಾತ್ರೆಯ ಗುಣವೋ, ರೂಢಿಯೋ, ಆವತ್ತು ನಾನು ಕಣ್ಣು ಬಿಟ್ಟೇ ಕೂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು, ಆದರೂ ನೀರು ನೋಡಿದೆ. ಬಿಸಿಲು ಬಿದ್ದು ಹೊಳೆಯುತ್ತಿತ್ತು. ಅದನ್ನು ಅಷ್ಟು ಪ್ರೀತಿಸಿದವರು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡಿದ್ದರು...

ಆಮೇಲೆ ಬಹಳ ಕಾಲ ಇರಲಿಲ್ಲ ಅತ್ತೆ. ತಿಥಿಯ ದಿನ ಊಟದ ಪಂಕ್ತಿಯಲ್ಲಿ ಎದುರುಮನೆ ದೊಡ್ಡಮ್ಮ, "ಪಾಪ, ಕಡೇಗಾಲ್ದಲ್ಲಿ ನೀರಂದ್ರೆ ಎದ್ರಿ ಸಾಯೋಳು" ಅಂದರು. ನನಗೆ ತಡೆಯಲಾಗಲಿಲ್ಲ. ಸಾರಿನ ಸೌಟು ಕೈಯಲ್ಲಿದ್ದಂತೆಯೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ, "ಭಯ ಇದ್ದದ್ದು ನಮ್ಮತ್ತೆಗಲ್ಲ ದೊಡ್ಡಮ್ಮ, ನಂಗೆ. ಆ ಮಾತ್ರೆ ನಂದು. ಈಗ್ಲೂ ತಗೊತೀನಿ."

ದೊಡ್ಡಮ್ಮ ನನ್ನ ಗಲ್ಲ ಸವರಿ ಕಣ್ಣೊರೆಸಿಕೊಂಡರು. "ಸತ್ತೋರ್ ಮಾನ ಕಾಯಕ್ಕೆ ತನ್ ಮ್ಯಾಲೆ ಆಕ್ಕೊತಾವ್ಳೆ ನೋಡ್ರವ್ವ. ಸೊಸೆ ಅಂದ್ರೆ ಇಂಗಿರ್ಬೇಕು."

ಪಂಕ್ತಿಯೆಲ್ಲ ತಲೆದೂಗಿತು. ನಾನು ಮುಂದಿನ ಎಲೆಗೆ ಸಾರು ಬಡಿಸಿದೆ.

ಮೊನ್ನೆ ಓಮ ಆರಿದ ಮೇಲೆ ಜಗಲಿಯಲ್ಲೇ ಕೂತು ಮಾತ್ರೆ ನುಂಗಿ, ನಿಧಾನಕ್ಕೆ ನಾಲೆಯ ಮೆಟ್ಟಿಲಿಗೆ ಹೋದೆ. ಅತ್ತೆಯ ಕಲ್ಲು ಹಸಿರು ಪಾಚಿ ಕಟ್ಟಿ ಗುರುತೇ ಸಿಗದಂತಿತ್ತು. ನಡುಗುತ್ತಲೇ ಒಂದು ಮೆಟ್ಟಿಲು ಇಳಿದು, ತೆಂಗಿನ ನಾರಿನಿಂದ ಕೈ ಸೋಲುವವರೆಗೂ ಉಜ್ಜಿ ಬಂದೆ.